ಟೈಲರ್ ಸಾಬರ ಪ್ರಾರ್ಥನೆ

ಇವತ್ತು ಶನಿವಾರ, ಬೆಳಿಗ್ಗೆ ಏಳೂವರೆ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಅವಳು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ತಗಲಿದ್ದೇ ನನ್ನ ಕೈಯಲ್ಲಿದ್ದ ಪತ್ರಿಕೆ ಕೆಳಗಿಳಿಯಿತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ವಿಶಾಖಪಟ್ಟಣದಲ್ಲಿ ನೌಕಾಪಡೆಯ ಕೆಲಸದಲ್ಲಿದ್ದೆ. ನಮ್ಮ ಕ್ವಾರ್ಟರ್ಸಿನ ಗೇಟಿನೆದುರು ಬಿಜಾಪುರದ ಕಡೆಯ ಒಬ್ಬ ಟೈಲರ್ ಸಾಬರ ಅಂಗಡಿಯಿತ್ತು. ಕನ್ನಡ ಮಾತಾಡಲೆಂದೇ ನಾವು ಕೆಲವರು ಅಲ್ಲಿ ನಿಲ್ಲುತ್ತಿದ್ದೆವು. ಸಾಬರ ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ವಿಜಯವಾಡಕ್ಕೆ ಮದುವೆಯಾಗಿ ಹೋಗಿದ್ದಳು.

ಸೋಮವಾರ ಪೆರೇಡ್ ಇತ್ತು. ಬಿಳಿ ಸಮವಸ್ತ್ರ ಶನಿವಾರ ನಾಲ್ಕಕ್ಕೆ ಬೇಕು ಎಂದಿದ್ದೆ.

"ಆಗ್ತೈತ್ರಿ ಸಾಹೇಬ್ರ. ನಿಮ್ಮ ಗಡಿಯಾರಕ್ಕ ನನ್ನ ಮಷೀನೂ ಅಂಜತೈತಿ," ಎಂದು ನಕ್ಕಿದ್ದರು.

ಶನಿವಾರ ಸರಿಯಾಗಿ ನಾಲ್ಕಕ್ಕೆ ಹೋದೆ. ಮಳೆ ಜೋರಾಗಿತ್ತು. ಸಮವಸ್ತ್ರ ಇಸ್ತ್ರಿಯಾಗಿ ಮಡಿಸಿಟ್ಟಿತ್ತು. ಸಾಬರು ಗುಂಡಿಗಳ ಡಬ್ಬಿ ತೆರೆದು ಕೂತಿದ್ದರು. ತುಟಿ ಅಲುಗುತ್ತಿತ್ತು, ಒಂದು ಸಲ ಏನೋ ಹೇಳುವುದು, ಒಂದು ಗುಂಡಿಯನ್ನು ಡಬ್ಬಿಯಿಂದ ಮುಚ್ಚಳಕ್ಕೆ ಹಾಕುವುದು. ಕಾಲ ಬಳಿ ಒಂದು ಕೈಚೀಲವಿತ್ತು. ನೋಡಿದೆ. ಕೇಳಲಿಲ್ಲ...

ಕಾಲರಿನ ಎಡಗಡೆ ಎಳೆಯಷ್ಟು ಮೇಲಿದೆ ಅನ್ನಿಸಿತು.

"ಗುಂಡಿ ಆಮೇಲೆ ಎಣಿಸಿ ಸಾಬರೇ. ಮೊದಲು ಇದನ್ನು ಬಿಚ್ಚಿ ಹೊಲಿಯಿರಿ."

ಅವರು ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು. "ಆತ್ರಿ," ಎಂದರು. ಬಿಚ್ಚಿ ಹೊಲಿದು ಮತ್ತೆ ಇಸ್ತ್ರಿ ಮಾಡುವಾಗ ಐದೂ ಕಾಲು ದಾಟಿತ್ತು. ಸಮವಸ್ತ್ರ ಕೊಟ್ಟವರೇ ಚೀಲ ಎತ್ತಿಕೊಂಡು ಮಳೆಯಲ್ಲಿ ಓಡಿದರು. ಅಂಗಡಿಗೆ ಬೀಗ ಕೂಡ ಹಾಕಲಿಲ್ಲ.

ಪಕ್ಕದ ಚಹಾ ಅಂಗಡಿಯವನು ನನ್ನನ್ನೇ ನೋಡುತ್ತಿದ್ದ. "ಮೀಕು ತೆಲೀದಾ ಸಾರ್?" ನಿಮಗೆ ಗೊತ್ತಿಲ್ಲವೇ ಎಂದು ತೆಲುಗಿನಲ್ಲಿ ಕೇಳಿದ. ಮಧ್ಯಾಹ್ನ ಎರಡಕ್ಕೆ ತಂತಿ ಬಂದಿತ್ತಂತೆ. ಹೆರಿಗೆಯಾದ ಮಗಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಕೂಡಲೇ ಬನ್ನಿ ಎಂದು. ಐದೂವರೆಯ ರೈಲಿಗೆ ಹೊರಡಲು ಚೀಲ ಕಟ್ಟಿ, ನಾಲ್ಕಕ್ಕೆ ಬರುವ ನನಗಾಗಿ ಕಾದಿದ್ದರಂತೆ.

ಆ ರೈಲು ಅವರಿಗೆ ಸಿಗಲಿಲ್ಲ. ಅದರ ನಂತರ ದಾರಿಯಲ್ಲಿ ತುನಿಯ ಹತ್ತಿರ ಹಳಿಯ ಮೇಲೆ ನೀರು ಬಂದು ಎರಡು ದಿನ ಯಾವ ರೈಲೂ ಓಡಲಿಲ್ಲ, ಬಸ್ಸೂ ಇಲ್ಲ. ಅವರು ವಿಜಯವಾಡ ಮುಟ್ಟುವಷ್ಟರಲ್ಲಿ ಮಗಳನ್ನು ಮಣ್ಣು ಮಾಡಿಯಾಗಿತ್ತು. ಕೂಸೂ ಉಳಿಯಲಿಲ್ಲ.

ಹತ್ತು ದಿನದ ಮೇಲೆ ಅಂಗಡಿ ತೆರೆದಿತ್ತು. ಕ್ಷಮೆ ಕೇಳಲೆಂದು ಹೋಗಿ ನಿಂತೆ. ಅವರೇ ಮೊದಲು ಕೇಳಿದರು.

"ಕಾಲರ್ ಛಲೋ ಕುಂತಿತ್ತೇನ್ರಿ ಸಾಹೇಬ್ರ?"

"ಕೂತಿತ್ತು," ಎಂದೆ. ಆಮೇಲೆ, ಆ ದಿನ ಗುಂಡಿ ಎಣಿಸುತ್ತಾ ಏನು ಹೇಳಿಕೊಳ್ಳುತ್ತಿದ್ದಿರಿ ಎಂದು ಕೇಳಿದೆ.

"ಹಸ್ಬುನಲ್ಲಾಹು ವ ನಿಅಮಲ್ ವಕೀಲ್. ನಮಗ ಅಲ್ಲಾ ಸಾಕು, ನಮ್ಮ ಕೆಲಸ ವಹಿಸಿಕೊಳ್ಳಾಕ ಅವನಕಿಂತ ಒಳ್ಳ್ಯಾಂವ ಇಲ್ಲ ಅಂತ್ರಿ." ಸೂಜಿಗೆ ದಾರ ಪೋಣಿಸಿದರು. "ಮನಷ್ಯಾನ ಕೈಯಾಗ ಏನೂ ಇಲ್ಲದಾಗ ಅನ್ನೋ ಮಾತ್ರಿ ಅದು. ಈಗೂ ಅಂತೀನಿ. ಆದ್ರ... ಏನ್ ಕೇಳಿ ಅನ್ನಬೇಕು ಅನ್ನೋದ ತಿಳೀವಲ್ದು."

ಮರುವರ್ಷ ಅವರು ಅಂಗಡಿ ಬಿಟ್ಟು ಹೋದರು. ಎಲ್ಲಿಗೆಂದು ಚಹಾದವನಿಗೂ ಗೊತ್ತಿರಲಿಲ್ಲ. ನಾನು ನಿವೃತ್ತನಾಗಿ ವಿಶಾಖಪಟ್ಟಣದಲ್ಲೇ ಉಳಿದೆ. ಕ್ಷಮಿಸಿ ಎಂಬ ಒಂದು ಮಾತು ಹಾಗೇ ಉಳಿಯಿತು.

ಇವತ್ತು ಹೆಂಡತಿ ಒಳಗೆ ಹೋಗಿ ನಾನೊಬ್ಬನೇ ಇದ್ದಾಗ ಆ ಪ್ರಾರ್ಥನೆಯನ್ನು ಹೇಳಲು ನೋಡಿದೆ. ಅರ್ಧಕ್ಕೇ ನಿಲ್ಲಿಸಿದೆ. ಅದು ಕೈಯಲ್ಲಿ ಏನೂ ಇಲ್ಲದವರ ಮಾತು. ಆ ಶನಿವಾರ ನನ್ನ ಕೈಯಲ್ಲಿ ಒಂದು ರೈಲಿತ್ತು.

ಸಂಜೆ ಐದಕ್ಕೆ ನೀರಿನ ಟ್ಯಾಂಕು ತುಂಬಿತು. ಮೋಟಾರು ಆರಿಸಿದೆ. ಇವತ್ತಿನ ಕೆಲಸ ಅಲ್ಲಿಗೆ ಮುಗಿಯಿತು, ಆ ಶನಿವಾರದ್ದು ಮುಗಿಯಲಿಲ್ಲ.