ಕೌಸರ್ ಮಿಸ್ಸೂ ವಾಣಿಶ್ರೀ ಜಡೇನೂ

ನಾನ್ ಹೇಳ್ತೀನಿ ಕೇಳಿ, ಇಂಗ್ಲಿಷ್ ಗ್ರಾಮರ್ ಬೋರು ಅನ್ನೋರು ಕೌಸರ್ ಮಿಸ್ಸನ್ನ ನೋಡಿಲ್ಲ, ಅಷ್ಟೇ. ಶಿಕಾರಿಪುರದಲ್ ಹುಟ್ಟಿ ಸೊರಬಕ್ಕೆ ಸೊಸೆ ಆಗಿ ಬಂದೋರು. ವಯಸ್ಸು ಐವತ್ತರ ಮೇಲೆ, ಎತ್ತರ ಐದಡಿ ಒಳಗೆ, ಅಗಲ ಕೇಳ್ಬೇಡಿ. ಗಂಡ ಮುನಾಫ್ ಮಾಮಂದು ಕೆಳಗೆ ಟೈಲರ್ ಅಂಗ್ಡಿ, ಮೇಲಿನ ರೂಮಲ್ಲಿ ಮಿಸ್ಸಿನ ಟ್ಯೂಷನ್. ಬಿಎ ಕಟ್ಟಿದ್ದೇ ಎರಡ್ ಮಕ್ಳಾದ್ಮೇಲೆ.

ಪುಸ್ತಕದಲ್ಲಿರೋ 'ರಾಮ ಈಸ್ ಟಾಲರ್ ದ್ಯಾನ್ ಸೋಮ' ಕಂಡ್ರೆ ಮಿಸ್ಸಿಗೆ ಉರಿಯೋದು. "ಆ ರಾಮನ್ನ ನೋಡಿದೀಯೇನೋ? ಸೋಮನ್ನ? ಇಲ್ವಲ್ಲ! ಕಣ್ಣಿಗ್ ಕಂಡಿದ್ದ್ ಹೇಳ್ರೋ" ಅಂತ ಮಾಮನ ಕುತ್ಗೇಲಿದ್ದ ಟೇಪು ಕಿತ್ಕೊಂಡ್ ಬರೋರು. ಶರತ್ ಮೂಗು, ಮೊಯಿನ್ ಪಾದ, ಎಲ್ಲಾ ಅಳ್ದು ಬೋರ್ಡಿಗೆ ಬರಿಯೋರು. ಲಾಂಗ್, ಲಾಂಗರ್, ಲಾಂಗೆಸ್ಟ್.

ಕುಪ್ಪಗಡ್ಡೆ ವಾಣಿಶ್ರೀ ಎಸ್ಸೆಸ್ಸೆಲ್ಸೀಲಿ ಇಂಗ್ಲಿಷ್ ಒಂದ್ರಲ್ ಹೋಗಿದ್ಳು. ಎರಡ್ನೇ ಪರೀಕ್ಷೆಗೆ ಹದಿನೈದೇ ದಿನ. ಪಾಸಾದ್ರೆ ಪಿಯುಸಿ, ಇಲ್ದಿದ್ರೆ ಒಂದ್ ವರ್ಷ ಮನೇಲಿ. ಅವತ್ತು ಮಿಸ್ಸು ಅವ್ಳ ಜಡೆ ಅಳದ್ರು. ಮೂವತ್ತೆಂಟ್ ಇಂಚು! "ವಾಣಿಶ್ರೀಸ್ ಹೇರ್ ಈಸ್ ದ ಲಾಂಗೆಸ್ಟ್!" ಅಂತ ಇಡೀ ಕ್ಲಾಸು ಮೂರ್ ಸಲ ಕಿರುಚ್ತು.

ಎರಡ್ ದಿನಕ್ಕೆ ಅವ್ಳಿಗೆ ಜ್ವರ, ಬಾಚಣಿಗೆ ತುಂಬ ಕೂದ್ಲು. ಹಿಂದಿನ್ ದಿನ ಮಳೇಲಿ ನೆಂದಿದ್ದು ಯಾರ್ ಲೆಕ್ಕಕ್ಕೂ ಬರ್ಲಿಲ್ಲ. ಅವ್ಳಜ್ಜಿ ಮೂಕಮ್ಮ ಬಸ್ ಹತ್ತಿ ಬಂದೇ ಬಿಟ್ರು.

"ಏನ್ರೀ ಮೇಡಮ್ಮು, ಬೆಳಿಯೋ ಕೂದ್ಲಿಗೆ ಟೇಪ್ ಹಿಡೀತಾರೇನ್ರೀ? ಅದೂ ಹದ್ನಾಕ್ ಬಾಯಲ್ಲಿ ಕೂಗ್ಸಿ! ದಿಷ್ಟಿ ಆಗ್ದೆ ಇರ್ತದಾ?"

"ಅಜ್ಜಿ, ಅದು ಪಾಠ..."

"ಎಂತ ಪಾಠ! ನಮ್ ಹುಡ್ಗಿ ಇನ್ ಬರಲ್ಲ."

ಕೆಳಗಿಂದ ಮುನಾಫ್ ಮಾಮ, "ಅಜ್ಜಿ ಹೇಳೋದ್ ಸರಿ ಕಣೇ, ನಮ್ಮಲ್ಲೂ ನಜರ್ ಅಂತಾರಲ್ಲ" ಅಂದ್ರು.

"ನೀವ್ ಗುಂಡಿ ಹಚ್ರಿ!" ಅಂತ ಮಿಸ್ಸು ಗದರಿದ್ರು. ಆಮೇಲೆ ಅಜ್ಜೀನ ಕೂರ್ಸಿ, "ಇನ್ ಮಕ್ಳುದ್ ಒಂದ್ ಇಂಚೂ ಅಳಿಯಲ್ಲ ಅಜ್ಜಿ. ಪರೀಕ್ಷೆ ಹತ್ರ ಬಂತು, ಹುಡ್ಗೀನ ಬಿಡ್ಸಬೇಡಿ. ನೀವೂ ಬಂದು ಬಾಗ್ಲಲ್ಲಿ ಕಾವಲ್ ಕೂತ್ಕಳಿ. ಅಳೆಯೋದಿದ್ರೆ ನನ್ನೇ ಅಳೀತಾರೆ" ಅಂದ್ರು.

"ನಿಮ್ಗೆ ದಿಷ್ಟಿ ಆದ್ರೆ?"

"ಈ ಮುಖಕ್ಕಾ? ಆಗ್ಲಿ ಅಂತ ಐವತ್ ವರ್ಷದಿಂದ ಕಾಯ್ತಿದೀನಿ."

ಜ್ವರ ಬಿಟ್ಮೇಲೆ ಮೊಮ್ಮಗಳ ಜೊತೆ ಅಜ್ಜೀನೂ ಬಂದು ಬಾಗ್ಲಲ್ ಕೂತ್ರು. ಮಿಸ್ಸು ಬೋರ್ಡಿನ್ ಮುಂದೆ ಒಂದ್ ಸುತ್ತು ತಿರುಗಿ, "ನೋಡ್ಕಂಡ್ರಾ? ಈಗ್ ಹೇಳಿ. ಮರ್ಯಾದೆ ಕೊಟ್ಟೋರಿಗೆ ಮಾರ್ಕ್ಸಿಲ್ಲ."

"ಮಿಸ್ ಈಸ್ ಫ್ಯಾಟರ್ ದ್ಯಾನ್ ಮುನಾಫ್ ಮಾಮ" ಅಂದ ಮೊಯಿನ್.

"ಗುಡ್!"

"ಮಿಸ್ ಈಸ್ ದ ಶಾರ್ಟೆಸ್ಟ್ ಇನ್ ಸೊರಬ" ಅಂದ ಶರತ್.

"ಊರ್ ಒಂದೇ ಸಾಕೇನೋ? ತಾಲೂಕ್ ಹಾಕು!"

ಕೊನೆಗೆ ವಾಣಿಶ್ರೀ ಅಜ್ಜಿ ಕಡೆ ಒಂದ್ಸಲ ನೋಡಿ, ಮೆಲ್ಲಗೆ, "ಮಿಸ್ ಈಸ್... ಮೋರ್ ಡೇಂಜರಸ್ ದ್ಯಾನ್ ಮೈ ಅಜ್ಜಿ."

ಮಿಸ್ಸು ಕುಣಿದೇ ಬಿಟ್ರು. "ಶಬಾಶ್! ಸಣ್ ಪದಕ್ಕೆ ಹಿಂದ್ಗಡೆ 'ಅರ್' ಬಾಲ, ಉದ್ದಂದಕ್ಕೆ ಮುಂದ್ಗಡೆ ಮೋರು. ನನ್ ಬಂಗಾರ, ನೀನ್ ಪಾಸು!"

"ನನ್ನ್ ಯಾಕ್ರೀ ಎಳದ್ರಿ?" ಅಂದ್ರು ಅಜ್ಜಿ. ಮಿಸ್ಸು ಅರ್ಥ ಹೇಳಿದ್ರೆ ಅಜ್ಜಿ ಸೆರಗ್ ಬಿಗಿದ್ರು. "ಸುಳ್ಳು! ನಾನೇ ಜಾಸ್ತಿ. ಬೇಕಾದ್ರೆ ನಮ್ಮೂರಲ್ ಕೇಳಿ."

ಕ್ಲಾಸ್ ಬಿಟ್ಮೇಲೂ ಅಜ್ಜಿ ಏಳ್ಲಿಲ್ಲ. "ಇಷ್ಟ್ ಜನ ಒಂದೇ ಸಲ ನೋಡಿದ್ರೆ ಎಂಥಾ ಮೈಯೂ ಸೊರಗ್ತದೆ, ನಿಂತ್ಕಳಿ" ಅಂತ ಉಪ್ಪು ಮೆಣಸಿನ್ಕಾಯಿ ತರ್ಸಿ, ಮಿಸ್ಸಿಗೆ ಮೂರ್ ಸುತ್ತು ನಿವಾಳಿಸಿ, ಮಾಮನ ಇಸ್ತ್ರಿ ಪೆಟ್ಟಿಗೆ ಕೆಂಡಕ್ಕೆ ಸುರಿದ್ರು. ಯಾರದೋ ಮದ್ವೆ ಸಫಾರಿ ಒಂದ್ ವಾರ ಘಾಟು ಹೊಡೀತು. ಮಾಮ ಕೆಮ್ಕಂಡೇ ಬೈದ್ರು, ಯಾರಿಗೂ ಅರ್ಥ ಆಗ್ಲಿಲ್ಲ.

ವಾಣಿಶ್ರೀ ಐವತ್ತೆಂಟ್ ತಗಂಡು ಪಾಸಾದ್ಳು, ಈಗ ಸೊರಬದಲ್ಲೇ ಪಿಯುಸಿ. ರಿಸಲ್ಟ್ ದಿನ ಅಜ್ಜಿ ಸಕ್ರೆ ತಂದು ಮೊದ್ಲು ಹಾಕಿದ್ದು ಮಿಸ್ಸಿನ ಬಾಯಿಗೆ.

ನೀವೂ ಆ ಕಡೆ ಹೋದ್ರೆ ಮುನಾಫ್ ಟೈಲರ್ ಎಲ್ಲಿ ಅಂತ ಕೇಳಿ, ಸಂಜೆ ಐದಕ್ಕೆ ಮೆಟ್ಲು ಹತ್ತಿ. ಚಾ ಕೊಟ್ಟು, "ನಾನ್ ಹೆಂಗಿದೀನಿ, ಇಂಗ್ಲಿಷಲ್ ಹೇಳಿ" ಅಂತಾರೆ. ಚೆನ್ನಾಗಿದೀರಿ ಅನ್ಬೇಡಿ, ಬೈಸ್ಕೋತೀರ. ಹೋಗ್ರೀ, ಒಂದ್ಸಲ ಮಾತಾಡ್ಸ್ಕಂಡ್ ಬನ್ನಿ.