ಮಾಸ್ತರ ಮನಿ ಮಿಕ್ಸರ್ ನಳ

ಬಸವನ ಬಾಗೇವಾಡಿಯ ರಿಟೈರ್ಡ್ ಮಾಸ್ತರೊಬ್ಬರ ಅಡಗಿಮನ್ಯಾಗ ಬಿಸಿನೀರು ತಣ್ಣೀರು ಕೂಡಿ ಬರೋ ಮಿಕ್ಸರ್ ನಳ ಸೋರತಿತ್ತು. ನಾ ನಳ ರಿಪೇರಿ ಮಾಡಾಂವ. ನಳದ ಒಳಗ ನೀರು ತಡಿಯೋ ಹೊಸ ಕಾರ್ಟ್ರಿಜ್, ರಬ್ಬರ್ ರಿಂಗ್ ತಗೊಂಡು ಹೋದೆ. ಇದೇ ಮಾಸ್ತರು ಹೋದ ವಾರ ಸಭಾದಾಗ ಮನುಷ್ಯಾರೆಲ್ಲಾ ಒಂದೇ ಅಂತ ಒಂದು ತಾಸು ಭಾಷಣ ಮಾಡಿದ್ರು. ನಾನೂ ಚಪ್ಪಾಳಿ ಬಡದಿದ್ದೆ.

ಅಡಗಿಮನಿ ಹೊಸ್ತಿಲದಾಗ ನಿಲ್ಲಿಸಿ ಕೇಳಿದ್ರು, "ನೀವು ಯಾವ ಪೈಕಿ ಆಗಬೇಕ್ರಿ?"

ಜಾತಿ ಹೇಳಿದೆ. ಅವರ ಮಾರಿ ಸಣ್ಣದಾತು.

"ನಾ ಅದೆಲ್ಲಾ ನೋಡಂಗಿಲ್ಲರಿ. ಮನ್ಯಾಗಿನವರದು ಪೂಜಾ ಆಗೈತಿ, ಅಷ್ಟ. ನೀವು ಇಲ್ಲೇ ನಿಂತು ಹೇಳ್ರಿ, ನಾನೇ ಹಾಕ್ತೇನಿ."

"ಮದಲ ಸಿಂಕಿನ ಕೆಳಗಿನ ವಾಲ್ವ್ ಬಂದ್ ಮಾಡ್ರಿ," ಅಂದೆ.

"ನಲವತ್ತು ವರ್ಷ ಸಾಲಿ ಕಲಿಸೇನಿ, ನನಗ ಹೇಳ್ತೀರೇನು?" ಅಂತ ನನ್ನ ಕೈಯಾಗಿನ ಪಾನಾ ಕಸಗೊಂಡು ನಟ್ ತಿರುವಿದ್ರು. ಪಾನಾಕ್ಕ ಮೈಲಿಗಿ ಇಲ್ಲ ನೋಡ್ರಿ. ಹಳೇ ಕಾರ್ಟ್ರಿಜ್ ಹಾರಿತು, ನೀರು ಮಾಳಿಗಿಗೆ ಬಡದು ಮಾಸ್ತರ ತಲಿ ಮ್ಯಾಲೆ, ರೊಟ್ಟಿ ಬುಟ್ಟಿ ಮ್ಯಾಲೆ ಸುರೀತು.

"ಏ ತಮ್ಮಾ, ಲಗೂನ ಒಳಗ ಬಾ!" ಅಂತ ಅವರ ಹೆಂಡತಿ ಚೀರಿದ್ರು.

"ಪೂಜಾ ಆಗೈತಲ್ರಿ ಅವ್ವಾರ," ಅಂದೆ.

"ಪೂಜಾ ಹಾಳಾಗ್ಲಿ, ಬಾ ನೀ!"

ಹೋದೆ. ವಾಲ್ವ್ ಬಂದ್ ಮಾಡಿ ಹೊಸ ಕಾರ್ಟ್ರಿಜ್ ಕೂಡಿಸಿದೆ. ಆಮ್ಯಾಲೆ ಒಂದು ಹನಿ ಬೀಳಲಿಲ್ಲ. ಚಹಾನೂ ಬಂತು, ಕಾಗದದ ಕಪ್ಪಿನ್ಯಾಗ, ಹೊರಗಿನ ಕಟ್ಟಿ ಮ್ಯಾಲೆ.

ನೀರು ಚಿಮ್ಮಾಕತ್ತಿದ್ದ ಆ ಎರಡು ನಿಮಿಷ ನನಗ ಯಾವ ಜಾತಿನೂ ಇರಲಿಲ್ಲ. ಕಾರ್ಟ್ರಿಜ್ ಅಷ್ಟು ಗಟ್ಟಿ ಕೂಡಿಸಿದ್ದೇ ನನ್ನ ತಪ್ಪಾತು.