ಅಕ್ಕನ ಮಸ್ಕತ್ ನೌಕರಿ

ನನ್ನ ಅಕ್ಕ ಕರೆಂಟಿನ ಟೆಸ್ಟರನ್ನು ತುರುಬಿಗೆ ಸಿಕ್ಕಿಸಿಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ಹೂ ಮುಡಿಯುವುದನ್ನು ಮರೆತರೂ ಅದನ್ನು ಮರೆಯುತ್ತಿರಲಿಲ್ಲ. ಅವ್ವ ಬೈದರೆ, "ಇದು ಬಾಡೂದಿಲ್ಲ ತಗೋ ಯವ್ವಾ" ಎನ್ನುತ್ತಿದ್ದಳು.

ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟು, ಇಳಕಲ್ಲಿನ ನಮ್ಮ ಮನೆಯ ನಾಲ್ಕು ಪವರ್‌ಲೂಮ್ ಮಗ್ಗ ಹಿಡಿದವನು. ಆಕೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ ಬಾಗಲಕೋಟೆಯ ಗುತ್ತಿಗೆದಾರರೊಬ್ಬರಲ್ಲಿ ಕೆಲಸಕ್ಕಿದ್ದಳು. ಅರ್ಧ ಆಯುಷ್ಯ ಬಸ್ಸಿನಲ್ಲೇ ಹೋಗುತ್ತಿತ್ತು. ಕೂತರೆ ಫೋನಿನಲ್ಲಿ ಒಮಾನ್, ಕತಾರ್ ಕೆಲಸಗಳನ್ನು ಹುಡುಕುವುದು, ಎದ್ದರೆ ನನಗೆ ಪಾಠ. "ಪಗಾರ ದೊಡ್ಡದಂತ ಕುಣೀಬಾರದು ತಮ್ಮಾ. ರೂಮು, ವೀಸಾ ಅವರದ ಇದ್ರ ಉಳೀತದ. ಓವರ್‌ಟೈಮ್ ಕೂಡ್ಸಿ ಹೇಳೂ ಪಗಾರ ಪಗಾರ ಅಲ್ಲ." ಕಂಪನಿಯ ಕಾಗದವನ್ನು ಆಕೆಯಿಂದ ಓದಿಸಿಕೊಂಡು ದುಬೈಗೆ ಹೋದವರು ನಮ್ಮ ಓಣಿಯಲ್ಲಿದ್ದರು. ಆಕೆ ಇಲ್ಲೇ ಇದ್ದಳು.

ಒಂದು ರವಿವಾರ ಮಸ್ಕತ್‌ನ ಕಂಪನಿಯೊಂದು ಫೋನಿನಲ್ಲೇ ಸಂದರ್ಶನ ಇಟ್ಟಿತು. ಇಲ್ಲಿನ ನಾಲ್ಕು ತಿಂಗಳ ಪಗಾರ ಅಲ್ಲಿ ಒಂದು ತಿಂಗಳಿಗೆ.

"ಒಂದ್ ತಾಸು ಮಗ್ಗ ನಿಂದ್ರಸು. ಅವರ ಮಾತು ಕೇಳಬೇಕು ನನಗ," ಎಂದಳು.

"ಆತು ತಗೋ," ಎಂದೆ.

ನಿಲ್ಲಿಸಿದೆ. ಒಳಗಿನಿಂದ ಆಕೆಯ ಇಂಗ್ಲಿಷ್ ಕೇಳಿಸುತ್ತಿತ್ತು, ನಡುನಡುವೆ ನಗು. ನಾನು ವರ್ಷವಿಡೀ ನೇಯ್ದು ಗಳಿಸುವುದನ್ನು ಈಕೆ ಮೂರು ತಿಂಗಳಲ್ಲಿ ಗಳಿಸುತ್ತಾಳೆ, ಆಮೇಲೆ ಈ ಮನೆಯಲ್ಲಿ ನನ್ನ ಮಾತು ಯಾರು ಕೇಳುತ್ತಾರೆ ಅನ್ನಿಸಿತು. ಎದ್ದು ನಾಲ್ಕೂ ಮಗ್ಗ ಚಾಲೂ ಮಾಡಿದೆ. ಆಕೆ ಹಿತ್ತಲಿಗೆ ಓಡಿದ್ದು, ಒಂದು ಕಿವಿ ಮುಚ್ಚಿಕೊಂಡು ಕೂಗಿ ಕೂಗಿ ಮಾತಾಡಿದ್ದು ಬಾಗಿಲಿನಿಂದ ಕಂಡಿತು. ನಿಲ್ಲಿಸಲಿಲ್ಲ.

ಅವರು ನಡುವೆಯೇ ಫೋನ್ ಇಟ್ಟರು. ಒಳಗೆ ಬಂದವಳಿಗೆ, "ಕರೆಂಟ್ ಹೋಗಿ ಬಂತಕ್ಕಾ. ಮಗ್ಗ ತಾವ ಚಾಲೂ ಆದ್ವು," ಎಂದೆ.

ಕರೆಂಟ್ ಹೋಗಿ ಬಂದಾಗ ಮಗ್ಗ ತಾನಾಗಿ ತಿರುಗಿ ಯಾರದಾದರೂ ಕೈ ಸಿಕ್ಕೀತೆಂದು ಪ್ರತಿ ಮಗ್ಗಕ್ಕೂ ಸ್ಟಾರ್ಟರ್ ಕೂಡಿಸಿದವಳು ಆಕೆಯೇ. ಹಸಿರು ಗುಂಡಿ ಒತ್ತದೆ ಒಂದೂ ಹೊರಳುವುದಿಲ್ಲ. ಮೇಲಾಗಿ ಆಕೆ ಹಿತ್ತಲಿಗೆ ಓಡುವವರೆಗೂ ತಲೆಯ ಮೇಲಿನ ಫ್ಯಾನ್ ಒಮ್ಮೆಯೂ ನಿಂತಿರಲಿಲ್ಲ. ಆಕೆ ಗುಂಡಿಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಹೌದೇನು," ಎಂದು ಚಹಾಕ್ಕೆ ಇಟ್ಟಳು. ನನಗೂ ಒಂದು ಕಪ್ ಕೊಟ್ಟಳು.

ಆಮೇಲೆ ತಿಂಗಳುಗಟ್ಟಲೆ ಹೊರದೇಶದ ಸುದ್ದಿಯೇ ಎತ್ತಲಿಲ್ಲ. ಮರುವರ್ಷ ಒಂದು ದಿನ ಕಮತಗಿಯ ಗೆಳತಿಯ ಮನೆಗೆ ಹೋದವಳು ಸಂಜೆ ಪೇಡೆ ತಂದಳು.

"ಮಸ್ಕತ್ ಆತು. ಅಕಿ ಮನ್ಯಾಗ ಕೂತು ಮಾತಾಡಿದ್ನಿ. ಬ್ಯಾರೆ ಕಂಪನಿ. ರೂಮು ಅವರದ."

"ನನಗ್ಯಾಕ ಹೇಳಲಿಲ್ಲಕ್ಕಾ?"

"ಹೇಳಿದ್ರ ನೀ ಮತ್ತ ಸುಳ್ಳು ಹೇಳಬೇಕಾಗ್ತಿತ್ತು. ನಿನಗ ಅದು ಬರೂದಿಲ್ಲೋ ತಮ್ಮಾ." ಅವ್ವನ ಮುಂದೆ ನಗುತ್ತಲೇ ಅಂದಳು.

ಹೋಗುವ ದಿನ ಆಕೆಯ ಚೀಲ ಹೊತ್ತು ಬಸ್ ನಿಲ್ದಾಣದವರೆಗೆ ಹೋದೆ. ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿ ತೆರೆದೆ. ಬಿಸಿಲು, ಬಸ್ಸು, ಅವ್ವನ ಗುಳಿಗೆ ಎಂದೇ ಮಾತಾಡಿ ಮುಗಿಸಿದೆ.

ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. "ಆರಾಮ ಅದೀ?" ಎಂದು ನನ್ನನ್ನೂ ಕೇಳುತ್ತಾಳೆ. ಕರಾರು ಎರಡು ವರ್ಷದ್ದು, ಮುಂದೇನೋ ನನಗೆ ಗೊತ್ತಿಲ್ಲ. ಆಕೆಯ ಪಗಾರ ಏರಿದೆಯೆಂದು ನನಗೆ ಗೊತ್ತಾದದ್ದು ಕಳೆದ ವಾರ, ಪಕ್ಕದ ಮನೆಯವರಿಂದ.